ಅಳೆದದ್ದೋ, ಹಳೆಯದೋ

ಏಳನೆಯ ಕಂತು

ನನ್ನನ್ನು ಕಂಡ ಕೂಡಲೇ ಅರುಣ್‌ಕುಮಾರ್ ಕೈಯಲ್ಲಿದ್ದ ಮರ ಕೊಯ್ಯುವ ಮಿಷನ್ನಿನ ಹಗ್ಗ ಎಳೆದ.

ಹೊಳೆನರಸೀಪುರದ ಆ ಸಣ್ಣ ರಿಪೇರಿ ಅಂಗಡಿ ಸದ್ದಿನಿಂದ ತುಂಬಿಹೋಯಿತು. ಮಿಷನ್ ಓಡಿಸಿ ನೋಡುವುದು ಮೆಕ್ಯಾನಿಕ್ಕುಗಳಿಗೆ ಹೊಸದಲ್ಲ. ಆದರೆ ಆ ಮಿಷನ್ನಿಗೆ ಚೈನೂ ಇರಲಿಲ್ಲ, ಮೇಲಿನ ಮುಚ್ಚಳವೂ ಇರಲಿಲ್ಲ. ಅವನಿಗೆ ಬೇಕಾಗಿದ್ದು ಬರೀ ಸದ್ದು.

ನಾನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತೆ. ದನಿ ಎತ್ತಿ ಮಾತಾಡುವುದು ನನಗೆ ಬರುವುದಿಲ್ಲ. ಸುಮ್ಮನೆ ಕೂತಿರುವುದು ಬರುತ್ತದೆ. ಟ್ಯಾಂಕಿನ ತಳದಲ್ಲಿರುವ ಪೆಟ್ರೋಲು ಎಷ್ಟು ಹೊತ್ತು ಬಂದೀತು?

ರಸ್ತೆಯಾಚೆ ಟೀ ಅಂಗಡಿಯ ಮುಂದೆ ಅಪ್ಪನ ವ್ಯಾನು ನಿಂತಿತ್ತು. ಕಿಟಕಿಯ ಮೇಲಿಟ್ಟ ಅವರ ಮೊಣಕೈ ಮಾತ್ರ ನನಗೆ ಕಾಣುತ್ತಿತ್ತು.

"ಜಾಸ್ತಿ ಕೆದಕಬೇಡ ಪುಟ್ಟಿ," ಎಂದು ಬೆಳಿಗ್ಗೆಯೇ ಹೇಳಿದ್ದರು. "ಹಳೇದು ಹಾಕು ಅಂತ ನಿನ್ನ ದೊಡ್ಡಪ್ಪ ಹೇಳಿದ್ದು ನಿಜ ಅಂತ ಅರುಣ ಇನ್ನೊಂದು ಸಲ ಬಾಯಿಬಿಟ್ಟು ಹೇಳಲಿ. ಸಾಕು. ಅಣ್ಣ ಒಪ್ಪಿಕೊಂಡುಬಿಟ್ಟರೆ ಕೋರ್ಟಿನಲ್ಲಿ ಕರುಣೆ ತೋರಿಸ್ತಾರೆ."

ಹಾಗೆ ಹೇಳುತ್ತಲೇ ಗೇರಿನ ಪಕ್ಕದಲ್ಲಿದ್ದ, ಹಳದಿ ಬಟ್ಟೆ ಸುತ್ತಿದ ಬಟ್ಟಲನ್ನು ನನ್ನ ಮುಂದೆ ಚಾಚಿದ್ದರು. ಒಳಗೆ ವಿಭೂತಿ ಗಟ್ಟಿ. ಹಿಂದೆಲ್ಲ ಅದು ಸ್ಟೀಲಿನ ಡಬ್ಬಿಯಲ್ಲಿರುತ್ತಿತ್ತು. ನಾನು ಮೂರು ಬೆರಳಿಂದ ತೀಡಿ ಹಣೆಗಿಟ್ಟುಕೊಂಡಿದ್ದೆ.

ಮಿಷನ್ ಕೆಮ್ಮಿತು, ಗೊರಗೊರ ಅಂದು ನಿಂತಿತು.

"ಏನ್ ಎಮ್ಮೆ ಮೇಡಂ," ಅಂದ ಅರುಣ, ಕೈ ಒರೆಸಿಕೊಳ್ಳುತ್ತ. "ದಾರಿಗೀರಿ ತಪ್ಪಿ ಬಂದ್ಬುಟ್ರಾ?"

ನಾನು ಕನ್ನಡ ಎಂ.ಎ.ಗೆ ಸೇರಿದಂದಿನಿಂದ ಅವನು ಕರೆಯುವುದು ಹಾಗೆಯೇ. ಅರಕಲಗೂಡಿನ ದೊಡ್ಡಪ್ಪನ ಅಂಗಡಿಯಲ್ಲಿ ಕೆಲಸ ಕಲಿತು, ಹೋದ ವರ್ಷ ಇಲ್ಲಿ ಸ್ವಂತ ಬಾಗಿಲು ತೆರೆದವನು. ಆಗ ಆ ಮಾತಿಗೆ ನಗು ಬರುತ್ತಿತ್ತು.

"ಒಂದು ಮಾತು ಕೇಳೋಕೆ ಬಂದೆ ಅರುಣಣ್ಣ."

"ಕೇಳಾಕೇನೈತೆ? ಪೊಲೀಸ್ರಿಗೆ ಯೋಳಿದ್ದೇ ನಿಮ್ಗೂ ಯೋಳ್ತೀನಿ. ಗುರುಗಳು ಏನಂದ್ರೋ ಅದ್ನ ಮಾಡ್ದೆ."

"ಏನಂದರು?"

"ಗೊತ್ತಲ್ಲ. ಫೋನ್ನಾಗೆ ಐತಲ್ಲ."

ಫೋನಿನಲ್ಲಿ ಇತ್ತು. ದೊಡ್ಡಪ್ಪ ಪಾಲಾಕ್ಷ ಇಂದು ಹಾಸನದ ಜೈಲಿನಲ್ಲಿರುವುದೇ ಆ ಮಾತಿನಿಂದ. ದೊಡ್ಡಗದ್ದವಳ್ಳಿ ಹತ್ತಿರ ಸಿಲ್ವರ್ ಓಕ್ ಮರ ಕೊಯ್ಯುತ್ತಿದ್ದ ಗಂಗಯ್ಯನ ಕುತ್ತಿಗೆಗೆ ಮಿಷನ್ ಎಗರಿ ಬಿದ್ದು ಆತ ಅಲ್ಲೇ ಸತ್ತಿದ್ದ. ಆ ಮಿಷನ್ನಿಗೆ ಬೇರೆ ಮಾಡೆಲ್ಲಿನ ಪಾರ್ಟು ಕೂರಿಸಿದ್ದು ದೊಡ್ಡಪ್ಪ. ಉಳಿದ ಒಂದು ಪಾರ್ಟು ಹಾಕಲು ಅದನ್ನು ಅರುಣನಿಗೆ ಕಳಿಸಿದ್ದರು.

ನಾನು ಫೋನ್ ತೆಗೆದು, ಲಾಯರಿಂದ ತರಿಸಿಕೊಂಡಿದ್ದ ಆ ವಾಯ್ಸ್ ಮೆಸೇಜು ಹಾಕಿದೆ. ಹಿಂದೆ ಯಾವುದೋ ಎಂಜಿನ್ನಿನ ಸದ್ದು, ಅದರ ಮೇಲೆ ದೊಡ್ಡಪ್ಪನ ದಪ್ಪ ದನಿ.

"ಅರುಣಾ, ಸಿಲಿಂಡ್ರು ಪಿಸ್ಟನ್ನು ನಾನೇ ಕೂರ್ಸಿವ್ನಿ ಕಣ್ಲಾ. ಡ್ರಮ್ಮು ಮಾತ್ರ ನೀನು ಅಳೆದಾಕು. ಗಂಗಯ್ಯ ಬಂದು ಈಸ್ಕತಾನೆ."

ಅಳೆದಾಕು.

ದೊಡ್ಡಪ್ಪನ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಸನ ಅವರಿಗೆ ಆಸ್ನ, ಹೊಳೆ ಒಳೆ, ಹಾಲು ಆಲು. ಅವರು "ಅಳೆದು ಹಾಕು" ಎಂದರೂ, "ಹಳೇದು ಹಾಕು" ಎಂದರೂ ಆ ಎಂಜಿನ್ ಸದ್ದಿನಲ್ಲಿ ಕೇಳುವುದು ಒಂದೇ. ಠಾಣೆಯ ಕಾಗದದಲ್ಲಿ ಮಾತ್ರ "ಹಳೆಯದನ್ನು ಹಾಕು" ಎಂದು ಖಚಿತವಾಗಿ ಬರೆದಿತ್ತು.

ಆ ಒಂದಕ್ಷರ ಎಲ್ಲವನ್ನೂ ಬದಲಿಸಿತ್ತು. ಅಳೆದು ಹಾಕು ಎಂದಿದ್ದರೆ ದೊಡ್ಡಪ್ಪ ಎಚ್ಚರಿಕೆ ಹೇಳಿದವರು. ಹಳೇದು ಹಾಕು ಎಂದಿದ್ದರೆ, ಅಪಾಯ ಗೊತ್ತಿದ್ದೂ ಹಾಕಿಸಿದವರು. ಗೊತ್ತಿದ್ದೂ ಎನ್ನುವುದಕ್ಕೇ ಜಾಮೀನು ಸಿಕ್ಕಿರಲಿಲ್ಲ. ಸೋಮವಾರ ಮತ್ತೆ ಅರ್ಜಿ ಬರುತ್ತದೆ. ಅದೂ ಬಿದ್ದುಹೋದರೆ ಇನ್ನು ಕೇಸು ಮುಗಿಯುವವರೆಗೂ ಒಳಗೇ ಎಂದು ಲಾಯರು ಹೇಳಿದ್ದರು. ದೊಡ್ಡಮ್ಮ ಬಸವಲಿಂಗಮ್ಮ ದಿನವೂ ಅಂಗಡಿಯ ಬಾಗಿಲು ತೆಗೆದು, ಕಸ ಗುಡಿಸಿ, ಮತ್ತೆ ಮುಚ್ಚಿ ಬರುತ್ತಾರೆ. ಹೈಸ್ಕೂಲಿನಿಂದ ನಾನು ಬೆಳೆದದ್ದು ಆ ಮನೆಯಲ್ಲಿ.

"ಕೇಳುಸ್ಕಂಡ್ರಲ್ಲ," ಅಂದ ಅರುಣ. "ಅಳೇದಾಕು ಅಂದ್ರು. ಆಕ್ದೆ."

"ಯಾವ ಹಳೇದು?"

"ಅಂದ್ರೆ?"

"ನಮ್ಮ ಅಂಗಡೀಲಿ ಹಳೇದು ಅನ್ನೋ ಮಾತೇ ಇರಲಿಲ್ಲವಲ್ಲ ಅರುಣಣ್ಣ. ದೊಡ್ಡಪ್ಪ ಬಿಚ್ಚಿದ್ದು ಅಂತಾರೆ. ಬಿಚ್ಚಿದ್ದು ಕೊಡು, ಬಿಚ್ಚಿದ್ದು ಎತ್ತಿಡು. ಹಳೇದು ಅಂದರೆ ಗಿರಾಕಿ ಬೇಜಾರು ಮಾಡಿಕೊಳ್ತಾನೆ ಅಂತ ನಿನಗೇ ಎಷ್ಟು ಸಲ ಬೈದಿಲ್ಲ?"

ಅವನು ಸ್ಪ್ಯಾನರನ್ನು ಇದ್ದ ಜಾಗದಿಂದ ತೆಗೆದು ಮತ್ತೆ ಅಲ್ಲೇ ಇಟ್ಟ.

"ಬಾಯಿ ತಪ್ಪಿ ಬಂದಿರ್ಬೋದು."

"ಇರಬಹುದು. ಹಾಗಾದರೆ ಹಳೇದನ್ನೇ ಹಾಕಿದ್ದೀಯ. ಆ ಮಿಷನ್ನಿನಿಂದಲೇ ಬಿಚ್ಚಿದ್ದನ್ನ."

"ಊ ಮತ್ತೆ."

"ಅದನ್ನ ಹಾಕಿದ್ದರೆ ಗಂಗಯ್ಯ ಸಾಯ್ತಿರಲಿಲ್ಲ."

 ನಿನ್ನೆ ಠಾಣೆಯಲ್ಲಿ ಲಾಯರ ಬೆನ್ನ ಹಿಂದೆ ನಿಂತು ನೋಡಿದ್ದನ್ನೆಲ್ಲ ಒಂದೊಂದಾಗಿ ಹೊರಗೆ ತರಬೇಕಿತ್ತು.

ಮಿಷನ್ ತಪಾಸಣೆಗೆ ಪಾಲಿಟೆಕ್ನಿಕ್ಕಿನ ಮೇಷ್ಟರೊಬ್ಬರನ್ನು ಕರೆಸಿದ್ದರು. ಅವರು ಪಕ್ಕದ ಮುಚ್ಚಳ ಬಿಚ್ಚಿದರು. ಡ್ರಮ್ಮು ಅಂದರೆ ಏನೋ ದೊಡ್ಡದಲ್ಲ, ಅಂಗೈಯಲ್ಲಿ ಕೂರುವ ಕಬ್ಬಿಣದ ಬಟ್ಟಲು. ಅದರ ಬೆನ್ನಿಗೆ ಚೈನನ್ನು ಓಡಿಸುವ ಹಲ್ಲುಗಳು. ಬಟ್ಟಲಿನ ಸುತ್ತ ಬ್ರೇಕಿನ ಪಟ್ಟಿ. ಮಿಷನ್ ಎಗರಿದಾಗ ಮುಂದಿನ ಹಿಡಿ ಕೈಗೆ ತಾಗಿದರೆ ಪಟ್ಟಿ ಬಿಗಿದು, ಡ್ರಮ್ಮನ್ನು ಅಪ್ಪಿ, ಕಣ್ಣು ಮಿಟುಕಿಸುವಷ್ಟರಲ್ಲಿ ಚೈನು ನಿಲ್ಲಬೇಕು.

ಮೇಷ್ಟರು ಹಿಡಿ ತಳ್ಳಿದರು. ಟಕ್ ಎಂದು ಪಟ್ಟಿ ಬಿಗಿಯಿತು. ಡ್ರಮ್ಮು ಮಾತ್ರ ಬೆರಳಿಂದ ತಿರುಗಿಸಿದರೆ ಸುಮ್ಮನೆ ತಿರುಗುತ್ತಿತ್ತು. ಅವರು ಜೇಬಿನಿಂದ ಬಸ್ ಟಿಕೆಟ್ ತೆಗೆದು ನಡುವೆ ತೂರಿಸಿದರು. ಅದು ಈ ಕಡೆಯಿಂದ ಹೋಗಿ ಆ ಕಡೆಯಿಂದ ಬಂತು.

"ಬೇರೆ ಮಾಡೆಲ್ಲಿನದು," ಎಂದಿದ್ದರು. "ಸಣ್ಣದು."

"ಸಿಲಿಂಡರು ಪಿಸ್ಟನ್ನು ದೊಡ್ಡ ಮಾಡೆಲ್ಲಿನದು ಕೂರಿಸಿದ್ದು ನಿಜ," ಎಂದೆ ಅರುಣನಿಗೆ. "ಗಂಗಯ್ಯನೇ ಬೇಡಿ ಮಾಡಿಸಿಕೊಂಡಿದ್ದ. ಆದರೆ ಬ್ರೇಕು ಬದಲಾಗಿರಲಿಲ್ಲ. ಬಿಚ್ಚಿದ ಡ್ರಮ್ಮು ಸವೆದಿದ್ದರೂ ಅಳತೆ ಅದೇ. ಅದನ್ನ ಪಟ್ಟಿ ಹಿಡೀತಿತ್ತು. ಹೊಸದನ್ನ ಅಳೆದು ಹಾಕಿದ್ದರೂ ಹಿಡೀತಿತ್ತು. ಅಳೆದು ಅಂತ ಕೇಳಿಸಿಕೋ, ಹಳೇದು ಅಂತ ಕೇಳಿಸಿಕೋ, ಎರಡರಲ್ಲಿ ಯಾವುದಕ್ಕೂ ಆ ಸಣ್ಣ ಡ್ರಮ್ಮು ಬರಲ್ಲ. ಅದು ಎಲ್ಲಿಂದ ಬಂತು?"

ಅರುಣ ನಗಲು ನೋಡಿದ. "ಅಪ್ಪಾ, ಎಮ್ಮೆ ಓದಿ ಮಿಷನ್ ಮೆಕ್ಯಾನಿಕ್ ಆಗ್ಬುಟ್ರಲ್ಲ ನೀವು."

"ಇನ್ನೊಂದಿದೆ."

"ಇನ್ನೊಂದಾ?"

"ಚುಕ್ಕಿ ಇರಲಿಲ್ಲ."

ಅವನ ಮುಖದಲ್ಲಿದ್ದ ಅರ್ಧ ನಗು ಹಾಗೆಯೇ ನಿಂತುಹೋಯಿತು.

ಚುಕ್ಕಿಯ ವಿಷಯ ನಮ್ಮ ಅಂಗಡಿಯವರಿಗೆ ಬಿಟ್ಟರೆ ಯಾರಿಗೂ ತಿಳಿಯದು. ಹಾಕಿದ ಪ್ರತಿ ಪಾರ್ಟಿನ ಒಳಗೆ, ಉಜ್ಜಾಡದ ಜಾಗ ನೋಡಿ, ಒಂದು ಬಣ್ಣದ ಚುಕ್ಕಿ ಇಡುವುದು ದೊಡ್ಡಪ್ಪನ ಪದ್ಧತಿ. ನಾಳೆ ಯಾರಾದರೂ ಬೇರೆಲ್ಲೋ ಹಾಕಿಸಿದ ಪಾರ್ಟು ತಂದು ನಿಮ್ಮದೇ ಎಂದರೆ ಬಿಚ್ಚಿ ತೋರಿಸಲಿಕ್ಕೆ. ಆ ಬಣ್ಣ ನಾನು ಕೊಟ್ಟದ್ದು. ಚನ್ನರಾಯಪಟ್ಟಣದಲ್ಲಿ ಆಸೆಪಟ್ಟು ಕೊಂಡ ನವಿಲು ಬಣ್ಣದ ನೈಲ್ ಪಾಲಿಶ್. ಹಚ್ಚಿಕೊಂಡು ಕಾಲೇಜಿಗೆ ಹೋಗುವ ಧೈರ್ಯ ಬರಲಿಲ್ಲ. ಅಂಗಡಿಯ ಶೆಲ್ಫ್ ಸೇರಿತು. ಅರುಣ ಬಿಟ್ಟು ಬರುವಾಗ, ಕಲಿತ ಜಾಗದ ನೆನಪಿಗೆ ಇರಲಿ ಎಂದು ಆ ಸೀಸೆಯನ್ನೇ ಕೇಳಿ ತಂದಿದ್ದ.

ಈಗ ಅದು ಅವನ ತಲೆಯ ಹಿಂದೆ, ಗ್ರೀಸ್ ಡಬ್ಬಿಯ ಪಕ್ಕದಲ್ಲೇ ಇತ್ತು. ನಾನು ಅದನ್ನೇ ನೋಡುತ್ತಿದ್ದೆ. ನಾನು ನೋಡುವುದನ್ನು ಅವನು ನೋಡಿದ.

"ಮೇಷ್ಟರು ಆ ಡ್ರಮ್ಮನ್ನ ಕೈಗೆ ತೆಗೆದು ತಿರುಗಿಸಿ ನೋಡಿದರು ಅರುಣಣ್ಣ. ಒಳಗೆ ಬರೀ ಕಬ್ಬಿಣ. ನೀನು ಹಾಕಿದ್ದರೆ ಚುಕ್ಕಿ ಇಡದೆ ಇರ್ತಿದ್ದೆಯಾ?"

ಅವನು ಎದ್ದು ಹೋಗಿ ಶಟರನ್ನು ಅರ್ಧಕ್ಕೆ ಇಳಿಸಿದ. ನಾನು ಬಾಗಿಲ ಕಡೆಗೆ ಸ್ಟೂಲು ಸರಿಸಿದೆ. ಶಟರಿನ ಕೆಳಗಿಂದ ಅಪ್ಪನ ವ್ಯಾನಿನ ಚಕ್ರಗಳು ಕಾಣುತ್ತಿದ್ದವು, ಅಷ್ಟು ಧೈರ್ಯ.

"ಎದ್ರುಬ್ಯಾಡ ಕಣವ್ವ," ಅಂದ. ದನಿ ಇಳಿದಿತ್ತು. ನೀವು ಹೋಗಿ ನೀನು ಬಂದಿತ್ತು. "ಆ ಕಡೆಯೋರ್ಗೆ ನನ್ನ ಮೊಕ ಕಾಣ್ಬಾರ್ದು ಅಂತ ಇಳ್ಸಿದ್ದು."

"ಯಾವ ಕಡೆಯವರಿಗೆ?"

"ನಾನು ಅಳ್ದೇ ಆಕಿದ್ದು. ನಮ್ಮವ್ವನ ಆಣೆ. ಒಸ ಡ್ರಮ್ಮು, ಪಟ್ಟಿಗೆ ಕೂರ್ಸಿ, ಇಡಿ ತಳ್ಳಿ ನೋಡಿ, ಚುಕ್ಕಿ ಇಟ್ಟು ಕೊಟ್ಟೆ. ಗುರುಗಳು ಅಳ್ದಾಕು ಅಂದದ್ದು ನಂಗೆ ಅರ್ತ ಆಗ್ದೆ ಇರ್ತದಾ? ಅವ್ರ ಬಾಯಿಂದ್ಲೇ ಮಾತು ಕಲ್ತಂಗೆ ಕೆಲ್ಸ ಕಲ್ತೋನು ನಾನು."

"ಮತ್ತೆ ಪೊಲೀಸರ ಹತ್ತಿರ ಹಳೇದು ಅಂತ ಯಾಕೆ ಬರೆಸಿದೆ?"

"ನಾನೆಲ್ಲವ್ವ ಬರ್ಸಿದ್ದು?"

ನಾನು ಸುಮ್ಮನಿದ್ದೆ. ಸುಮ್ಮನಿದ್ದರೆ ಜನ ಮುಂದಿನ ಮಾತನ್ನು ತಾವೇ ಹೇಳುತ್ತಾರೆ.

"ಠಾಣೇಲಿ ಬರ್ಕೊಳೋನು ಬಿಜಾಪುರದ ಕಡೆಯೋನು," ಅಂದ ಅರುಣ. "ಫೋನು ಆಕಿ ಆಕಿ ಕೇಳ್ದ. ತಿಳೀನಿಲ್ಲ. 'ಏನಂತಾನ್ರೀ ಈ ಮನಷ್ಯಾ, ಅಳಿಯಾ ಅಂತಾನೇನು?' ಅಂತ ನಗ್ತಾನೆ. ನಾನು ಬಾಯ್ಬುಡೋಕ್ ಮುಂಚೆ ಪಕ್ಕದಲ್ಲಿದ್ದೋರು ಯೋಳ್ಬುಟ್ರು. 'ಹಳೇದು ಹಾಕು ಅಂತಿದಾರೆ ಸಾರ್, ನಮ್ಮಣ್ಣನಿಗೆ ಹ ಬರಲ್ಲ' ಅಂತ."

ನಮ್ಮಣ್ಣನಿಗೆ.

ದೊಡ್ಡಪ್ಪನಿಗೆ ಇರುವುದು ಒಬ್ಬನೇ ತಮ್ಮ.

"ಅಪ್ಪ ಠಾಣೆಗೆ ಬಂದಿದ್ದು ಜಾಮೀನಿನ ವಿಚಾರಕ್ಕೆ," ಎಂದೆ. ಅದು ನನ್ನ ದನಿಯೇ ಎಂದು ನನಗೆ ಅನುಮಾನವಾಯಿತು.

"ಯಾವ್ದುಕ್ ಬಂದಿದ್ರೋ ನಂಗೇನು ಗೊತ್ತು. ಆಚೆ ಬಂದು ನನ್ನ ಎಗಲ ಮ್ಯಾಲೆ ಕೈ ಆಕಿ, 'ಅರುಣಾ, ಡ್ರಮ್ಮು ಹಾಕಿದ ಕೈ ನಿಂದು, ಹಾಕು ಅಂದ ಬಾಯಿ ಅಣ್ಣಂದು. ನೀನು ಸಾಕ್ಷಿಯಾಗಿ ಉಳೀತೀಯೋ, ಆರೋಪಿಯಾಗ್ತೀಯೋ ನೋಡ್ಕೋ' ಅಂದ್ರು. ನಂಗೂ ಎಂಡ್ರು ಮನೆ ಐತೆ. ಸುಮ್ಕಾದೆ."

"ನೀನು ಈಗ ಸುಳ್ಳು ಹೇಳ್ತಿಲ್ಲ ಅಂತ ನಾನು ಹೇಗೆ ನಂಬಲಿ?"

"ನಂಬಬ್ಯಾಡ."

ನನ್ನನ್ನು ಹೆದರಿಸಿದ್ದು ಆ ಉತ್ತರ. ಸುಳ್ಳು ಹೇಳುವವನು ನಂಬು ನಂಬು ಎಂದು ದುಂಬಾಲು ಬೀಳುತ್ತಾನೆ. ಇವನು ಸ್ಪ್ಯಾನರಿನ ಜಿಡ್ಡು ಒರೆಸುತ್ತ ನಿಂತಿದ್ದ.

"ಮಿಷನ್ನನ್ನ ಗಂಗಯ್ಯ ಬಂದು ತಗೊಂಡು ಹೋದನಾ?"

"ಇಲ್ಲ."

"ನಿನ್ನ ಹೇಳಿಕೇಲಿ ಗಂಗಯ್ಯನ ಕಡೆಯವರು ಅಂತಿದೆ."

"ಗಂಗಯ್ಯ ಯಾರ ಕಡೆ ಮರ ಕೊಯ್ತಿದ್ದ ಯೋಳು ಮತ್ತೆ?"

ಚನ್ನರಾಯಪಟ್ಟಣದ ಮರದ ಕಂಟ್ರಾಕ್ಟರ್ ಶಿವಕುಮಾರ್ ಕಡೆ. ಅದು ಊರಿಗೆಲ್ಲ ಗೊತ್ತು. ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು, ನನ್ನ ಹೆಸರಿನ ಮುಂದಿರುವ ಇನಿಶಿಯಲ್ಲೇ ಅವರದು.

"ನಿಮ್ಮಪ್ಪಾರೇ ಬಂದು ಇದೇ ವ್ಯಾನ್ನಾಗೆ ಆಕ್ಕೊಂಡೋದ್ರು," ಅಂದ ಅರುಣ. "ಗಂಗಯ್ಯಂಗೂ ಅವ್ರಿಗೂ ಯಾವ್ದೋ ಬೀಟೆ ಮರದ ಇಚಾರಕ್ಕೆ ಬಿಗುವಾಗಿತ್ತಂತೆ. ಫಾರೆಸ್ಟ್ನೋರ್ತಾವ ಓಯ್ತೀನಿ ಅಂತಿದ್ದನಂತೆ. ಜನ ಆಡ್ಕೊಂಡಿದ್ದು, ನಾನು ಕಂಡಿಲ್ಲ."

"ಇದನ್ನ ಸೋಮವಾರ ಬಂದು ಹೇಳು."

"ಚುಕ್ಕಿ ಇರೋ ಡ್ರಮ್ಮು ಎಲ್ಲೈತೆ?"

ಅದು ನನಗೂ ಗೊತ್ತಿರಲಿಲ್ಲ.

"ಅದು ಸಿಗ್ದೆ ನಾನು ಬಾಯ್ಬುಟ್ರೆ, ಗುರುಗಳು ಆಚೀಕೆ ಬತ್ತಾರೆ, ನಾನು ಒಳೀಕೆ ಓಯ್ತೀನಿ. ಅಷ್ಟೇಯ. ಅದ್ನ ತಂದು ತೋರ್ಸು, ನಾನೇ ಬಂದು ಜಡ್ಜ್ ಮುಂದೆ ನಿಂತ್ಕೊತೀನಿ. ಎಲ್ಲೋ ಒಳೇಗೆ ಎಸ್ದಿರ್ತಾರೆ ಬುಡು."

ಆಚೆ ಹಾರ್ನ್ ಆಯಿತು. ಎರಡು ಸಲ, ಮೆತ್ತಗೆ. ಮನೆಯ ಮುಂದೆ ನಿಂತು ನನ್ನನ್ನು ಕರೆಯುವಾಗಲೂ ಅಪ್ಪ ಹಾಗೆಯೇ ಹೊಡೆಯುವುದು.

ಅರುಣ ಶಟರ್ ಎತ್ತಿದ. ರಸ್ತೆಗೆ ಕೇಳುವಂತೆ ಜೋರಾಗಿ, "ಆಯ್ತು ಮೇಡಮ್ಮೋರೇ, ಅಷ್ಟೇ ನಂಗ್ ಗೊತ್ತಿರೋದು!" ಅಂದ.

ರಸ್ತೆ ದಾಟುವಾಗ ಬಿಸಿಲು ಕಣ್ಣಿಗೆ ಚುಚ್ಚಿತು. ಅರುಣ ಸುಳ್ಳ. ಹಾಗೆಂದುಕೊಂಡರೆ ಎಷ್ಟು ಸಲೀಸು. ಸಣ್ಣ ಡ್ರಮ್ಮು ಹಾಕಿದವನು ತಾನೇ, ತಪ್ಪನ್ನು ನಮ್ಮ ಮನೆಯೊಳಕ್ಕೇ ತಳ್ಳಿ ಮನೆ ಮುರಿಯುತ್ತಿದ್ದಾನೆ. ಟೀ ಅಂಗಡಿಯ ಹತ್ತಿರ ಬರುವಷ್ಟರಲ್ಲಿ ನಾನು ಅದನ್ನು ಮುಕ್ಕಾಲು ಪಾಲು ನಂಬಿದ್ದೆ.

"ಏನಂದ?" ಅಪ್ಪ ವ್ಯಾನು ಹೊರಡಿಸುತ್ತ ಕೇಳಿದರು.

"ಪೊಲೀಸರಿಗೆ ಹೇಳಿದ್ದನ್ನೇ ಹೇಳಿದ."

"ಹಳೇದು ಹಾಕು ಅಂದದ್ದು ನಿಜ ಅಂದನಾ?"

"ಹೂಂ."

"ಅಷ್ಟು ಸಾಕು." ಅವರ ಭುಜ ಸಡಿಲವಾದದ್ದು ನನಗೆ ಕಂಡಿತು. "ಪಾಪ, ಅಣ್ಣ ಹಟ ಬಿಟ್ಟು ಒಪ್ಪಿಕೊಂಡುಬಿಟ್ಟರೆ ಎಲ್ಲ ಸರಿಹೋಗುತ್ತೆ. ನಿನ್ನ ಹಣೆ ನೋಡು, ಬೆವರಿಗೆ ಎಲ್ಲ ಅಳಿಸಿಹೋಗಿದೆ. ವಿಭೂತಿ ಇಟ್ಕೋ."

ಅಪ್ಪನ ಹಕಾರ ಎಷ್ಟು ಸ್ಪಷ್ಟ. ಆಫೀಸುಗಳ ಮೆಟ್ಟಿಲು ಹತ್ತಿ ಇಳಿದು, ಸಾಹೇಬರ ಮುಂದೆ ಮಾತಾಡಿ ಮಾತಾಡಿ ಕಲಿತದ್ದು. ಚಿಕ್ಕವಳಿದ್ದಾಗ ನನಗೆ ಅದೊಂದು ಹೆಮ್ಮೆ.

ನಾನು ಬಟ್ಟಲಿಗೆ ಕೈ ಚಾಚಿದೆ. ಈ ಸಲ ಅವರ ಎರಡು ಕೈಯೂ ಸ್ಟೇರಿಂಗಿನ ಮೇಲಿದ್ದವು. ಬಟ್ಟಲನ್ನು ನಾನೇ ಎತ್ತಿ ಮಡಿಲಲ್ಲಿಟ್ಟುಕೊಂಡೆ.

ಭಾರವಾಗಿತ್ತು. ಪೂಜೆಯ ಬಟ್ಟಲಿಗೆ ಇರಬೇಕಾದ್ದಕ್ಕಿಂತ ಹೆಚ್ಚು ಭಾರ.

ಹಳದಿ ಬಟ್ಟೆಯ ಕೆಳಗಿಂದ ಏನೋ ಅಂಗೈಗೆ ಒತ್ತುತ್ತಿತ್ತು. ಬೆರಳಾಡಿಸಿದೆ. ಒಂದು ಏಣು, ಒಂದು ತಗ್ಗು, ಮತ್ತೊಂದು ಏಣು. ಸುತ್ತಲೂ.

ಹಲ್ಲುಗಳು.

ದೊಡ್ಡಪ್ಪನ ಅಂಗಡಿಯ ನೆಲದ ಮೇಲೆ ಕೂತು ಹೋಂವರ್ಕ್ ಬರೆದವಳು ನಾನು. ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗುತ್ತದೆ. ಆದರೂ ಕಣ್ಣು ಮುಚ್ಚಲಿಲ್ಲ. ವಿಭೂತಿ ಗಟ್ಟಿಯನ್ನು ಮೆಲ್ಲಗೆ ಎತ್ತಿದೆ. ಯಾವ ಪೊಲೀಸಿನವನೂ ತಡಕದ ಜಾಗ, ವಿಭೂತಿಯ ತಳ. ಬಿಳಿ ಪುಡಿಯನ್ನು ಹೆಬ್ಬೆರಳಿಂದ ಒರೆಸಿದೆ.

ಕಬ್ಬಿಣ ಹೊಳೆಯಿತು. ಹೊಚ್ಚ ಹೊಸದು. ನಡುವಿನ ತೂತಿನ ಪಕ್ಕದಲ್ಲಿ, ಹೆಸರುಕಾಳಿನಷ್ಟು, ನಾನು ಎಂದೂ ಹಚ್ಚಿಕೊಳ್ಳದ ನವಿಲು ಬಣ್ಣ.

"ಅದೇನು ಅಷ್ಟು ನೋಡ್ತಿದ್ದೀಯ?" ಅಪ್ಪ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು.

"ಏನಿಲ್ಲ. ಬಟ್ಟಲು ಚೆನ್ನಾಗಿದೆ."

"ಏ, ಹಳೇದು ಕಣೆ ಅದು. ಎಲ್ಲೋ ಗುಜರಿಯಲ್ಲಿ ಬಿದ್ದಿತ್ತು. ಇಟ್ಬಿಡು ಅಲ್ಲೇ."

ನಾನು ಗಟ್ಟಿಯನ್ನು ಮೊದಲಿನ ಜಾಗಕ್ಕೇ ಕೂರಿಸಿದೆ. ಮೂರು ಬೆರಳಿಂದ ಹಣೆಗೆ ಗೆರೆ ಎಳೆದುಕೊಂಡೆ. ಗೆರೆಗಳು ಒಂದರೊಳಗೊಂದು ಸೇರಿಹೋದವು. ಬಟ್ಟಲನ್ನು ಗೇರಿನ ಪಕ್ಕಕ್ಕೆ ಇಡಲಿಲ್ಲ. ಹಳದಿ ಬಟ್ಟೆಯ ತುದಿಗಳನ್ನು ಗಂಟು ಹಾಕಿ ನನ್ನ ಬ್ಯಾಗಿನ ಬಾಯಿಗೆ ತಂದೆ.

"ಹಳೇದಾದರೆ ನಂಗೇ ಇರ್ಲಿ ಬಿಡಪ್ಪ," ಎಂದೆ.

ಅಪ್ಪ ಮೊದಲ ಸಲ ನನ್ನ ಕಡೆ ತಿರುಗಿದರು. ನೋಟ ಮುಖದಿಂದ ಗಂಟಿಗೆ, ಗಂಟಿನಿಂದ ನನ್ನ ಹೆಬ್ಬೆರಳಿಗೆ ಇಳಿಯಿತು. ಹೆಬ್ಬೆರಳು ಬೆಳ್ಳಗಿತ್ತು.

ಅವರು ನನ್ನ ಪಕ್ಕದ ಕಿಟಕಿಯ ಗಾಜು ಏರಿಸಲು ಸನ್ನೆ ಮಾಡಿದರು. ಸರ್ಕಲ್ಲಿನಲ್ಲಿ ಅರಕಲಗೂಡಿನ ಬಸ್ಸು ನಮ್ಮ ಮುಂದೆಯೇ ಎಡಕ್ಕೆ ಹೊರಳಿತು. ನಾವು ಹೋಗಬೇಕಿದ್ದ, ದೊಡ್ಡಮ್ಮ ಊಟಕ್ಕೆ ಕಾಯುತ್ತಿದ್ದ ದಾರಿ ಅದು.

ನಮ್ಮ ವ್ಯಾನು ಬಲಕ್ಕೆ, ಚನ್ನರಾಯಪಟ್ಟಣದ ರಸ್ತೆಗೆ ತಿರುಗಿತು.